ಉಳಿದ ಒಂದು ಟೈಲ್

ನನ್ನ ಗಂಡನಿಗೆ ನೀರು ಕಾಯಿಸುವುದಕ್ಕೂ ಬರುವುದಿಲ್ಲ. ನೆಲಕ್ಕೆ ಟೈಲ್ಸ್ ಕೂರಿಸುತ್ತಲೇ ಮೂವತ್ತು ವರ್ಷ ಸವೆಸಿದ ಮನುಷ್ಯ. ಊರೆಲ್ಲ ಮೇಸ್ತ್ರಿ ಅನ್ನುತ್ತದೆ, ಮುನಿಸು ಬಂದಾಗ ನಾನೂ ಹಾಗೇ ಕರೆಯುತ್ತೇನೆ. ಹೀಗಾಗಿ, ನಾನು ಬಲಗೈ ಮುರಿದುಕೊಂಡು ಪಟ್ಟಿ ಹಾಕಿಸಿಕೊಂಡು ಕೂತಿದ್ದಾಗ ಅಕ್ಕ ಫೋನ್ ಮಾಡಿ ನಾಳೆ ನಾಲ್ಕು ಗಂಟೆಗೆ ನೋಡಲು ಬರುತ್ತೇನೆ ಎಂದದ್ದೇ ನನ್ನ ಎದೆ ಧಸಕ್ಕೆಂದಿತು. ಆರು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕ. ಅವಳ ಮುಂದೆ ಇಡಲು ಏನು ಮಾಡಲಿ, ಯಾವ ಕೈಯಿಂದ ಮಾಡಲಿ?

ಒಲೆ ಹಚ್ಚದೆ ಆಗುವಂಥದ್ದಿದ್ದರೆ ತಾವೇ ಮಾಡುವುದಾಗಿ ಇವರು ಹೇಳಿದರು. ಚೀಸು, ಹಣ್ಣು ತಂದು, ಹೆಚ್ಚಿ, ಚೆಂದವಾಗಿ ಜೋಡಿಸಿದರೆ ಸಾಕು ಎಂದೆ.

"ಜೋಡಿಸೋದು ತಾನೇ?" ಎಂದು ಮುಖ ಅರಳಿಸಿದರು. "ಅಷ್ಟನ್ನ ನನಗೆ ಬಿಡು."

ಆ ಆರು ವರ್ಷದ ವಿಷಯ ಹೇಳಿಬಿಡುತ್ತೇನೆ, ಬಚ್ಚಿಟ್ಟು ಬಚ್ಚಿಟ್ಟು ನನಗೂ ಸಾಕಾಗಿದೆ. ಅಕ್ಕನ ಹೊಸ ಅಡುಗೆಮನೆಗೆ ಟೈಲ್ಸ್ ಹಾಕಿದ್ದು ಇವರೇ. ಸಂಜೆ ಕೆಲಸ ಮುಗಿಸಿ, ಎಲ್ಲ ಮನೆಗಳಲ್ಲೂ ಹೇಳುವಂತೆ, ನಾಳೆ ಈ ಹೊತ್ತಿನವರೆಗೆ ಯಾರೂ ಕಾಲಿಡಬಾರದು ಎಂದು ಹೇಳಿದ್ದರು. ಆ ರಾತ್ರಿ ನಾವು ಅಲ್ಲೇ ಉಳಿದಿದ್ದೆವು. ಬೆಳಗ್ಗೆ ಎದ್ದಾಗ ನನ್ನ ಕನ್ನಡಕ ಅದೇ ಅಡುಗೆಮನೆಯ ಆಚೆ ಬದಿಯ ಕಿಟಕಿಯಲ್ಲಿತ್ತು. ನಾಲ್ಕು ಹೆಜ್ಜೆ ತಾನೇ ಎಂದು ಹೋಗಿ ತಂದೆ. ಮಾರನೆಯ ದಿನ ಮನೆ ನೋಡಲು ಬಂದ ನೆಂಟರೊಬ್ಬರು ಮೂಲೆ ಕುಸಿದ ಟೈಲಿಗೆ ಎಡವಿ ಬಿದ್ದರು. ಕೈ ಪಳಗದವರಿಗೆ ಕೆಲಸ ಕೊಟ್ಟದ್ದು ತನ್ನ ತಪ್ಪು ಎಂದು ಅಕ್ಕ ಎಲ್ಲರ ಎದುರೇ ಅಂದಳು. ಇವರು ತಲೆ ತಗ್ಗಿಸಿದರು. ನಾನು ಮಾತ್ರ, ನಿಮ್ಮ ಮನೆಯವರೇ ಯಾರೋ ತುಳಿದಿದ್ದಾರೆ ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ. ತಪ್ಪು ನನ್ನದಾದ್ದರಿಂದಲೇ ಗಂಟಲು ಅಷ್ಟು ದೊಡ್ಡದಾಗಿತ್ತು. ಆಮೇಲೆ ಬಾಯಿಬಿಡಲು ನಾಚಿಕೆ, ವರ್ಷ ಕಳೆದಂತೆ ಇನ್ನಷ್ಟು ನಾಚಿಕೆ.

ಅಕ್ಕ ಬರುವ ದಿನ ಮಧ್ಯಾಹ್ನ ಇವರು ಮಂಚದ ಕೆಳಗಿನಿಂದ ಬಳಸದ ಟೈಲೊಂದನ್ನು ಎಳೆದು, ಎರಡು ಸಲ ಸೋಪು ಹಾಕಿ ತೊಳೆದು, ಒರೆಸಿ ಮೇಜಿನ ಮೇಲಿಟ್ಟರು. ನಮ್ಮ ಮನೆಯಲ್ಲಿದ್ದ ತಟ್ಟೆಗಳೆಲ್ಲ ಚಿಕ್ಕವಂತೆ. ಟೈಲು ನೀಲಿ ಬೆರೆತ ಬೂದು ಬಣ್ಣದ್ದು. ಎಲ್ಲೋ ನೋಡಿದ್ದೇನೆ ಅನ್ನಿಸಿತು, ಆದರೆ ಇವರ ಮಂಚದ ಕೆಳಗೆ ಇಂಥವು ಹತ್ತಾರಿವೆ.

ಆಮೇಲಿನದನ್ನು ನೋಡಬೇಕಿತ್ತು ನೀವು. ನಡುವೆ ದಾರ ಎಳೆದು ಮಧ್ಯ ಗುರುತು ಮಾಡಿದರು. ಮಧ್ಯದಿಂದಲೇ ಶುರು ಮಾಡಬೇಕಂತೆ, ತುಂಡು ತುಣುಕೆಲ್ಲ ಅಂಚಿಗೆ ಹೋಗಬೇಕಂತೆ. ಹಳದಿ ಚೀಸನ್ನು ಒಂದೇ ಅಳತೆಯ ಚೌಕಗಳಾಗಿ ಕತ್ತರಿಸಿದರು. ಒಂದು ಚೂರು ಓರೆಯಾಯಿತೆಂದು ಬಾಯಿಗೆ ಹಾಕಿಕೊಂಡರು. ಆಮೇಲೆ ಓರೆಯಾದ ಚೂರುಗಳು ಹೆಚ್ಚತೊಡಗಿದಾಗ ನಾನು ಗದರಿಸಿದೆ. ಮೆತ್ತನೆಯ ಬಿಳಿ ಚೀಸನ್ನು ಹಾಗೇ ಗುಂಡಗೆ ಇಟ್ಟು ಮೇಲೆ ಜೇನು ಸುರಿದರು. ಸೇಬಿನ ಹೋಳು ಕಪ್ಪಾಗದಂತೆ ನಿಂಬೆರಸ ಸವರಿ ಎಂದೆ, ಸವರಿದರು. ಅಂಜೂರ ಸೀಳಿಟ್ಟರು, ಕಪ್ಪು ದ್ರಾಕ್ಷಿಯ ಗೊಂಚಲನ್ನು ಮೂಲೆಗೆ ಇಳಿಬಿಟ್ಟರು. ಕೊನೆಗೆ ಚೌಕಗಳ ನಡುವಿನ ಸಂದುಗಳಿಗೆಲ್ಲ ದಾಳಿಂಬೆ ಕಾಳು ತುಂಬಿದರು. ಕೆಂಪು ಗೆರೆಗಳು ಹೊಳೆದವು. ಮಂಡಿನೋವಿನಿಂದ ಕೆಲಸ ಬಿಟ್ಟ ಮೇಲೆ ಇವರ ಮುಖದಲ್ಲಿ ಇಷ್ಟು ಕಳೆ ನಾನು ಕಂಡಿರಲಿಲ್ಲ. ನನಗೆ ಇವರ ಮೇಲೆ ಬಹಳ ಪ್ರೀತಿ ಉಕ್ಕಿತು, ಅದರ ಹಿಂದೆಯೇ ಆ ಕನ್ನಡಕ ನೆನಪಾಯಿತು.

ನಾಲ್ಕಕ್ಕೆ ಸರಿಯಾಗಿ ಅಕ್ಕ ಬಂದಳು. ನನ್ನ ಕೈ ನೋಡಿದಳು, ನೋವು ಕೇಳಿದಳು, ಕುರ್ಚಿಯ ತುದಿಯಲ್ಲಿ ಕೂತಳು. ಮೇಜಿನ ಕಡೆ ತಿರುಗಿ, ತುಂಬ ಚೆನ್ನಾಗಿದೆ ಎನ್ನುತ್ತ ಒಂದು ದ್ರಾಕ್ಷಿಗೆ ಕೈ ಚಾಚಿದಳು. ಕೊನೆಯ ಕಾಳು ಸರಿಪಡಿಸುತ್ತಿದ್ದ ಇವರ ಬಾಯಿಂದ, ಮೂವತ್ತು ವರ್ಷದ ಚಾಳಿ ನೋಡಿ, ಮಾತು ಜಾರಿತು.

"ನಾಳೆ ಈ ಹೊತ್ತಿನವರೆಗೆ ಯಾರೂ ಮುಟ್ಟಬಾರದು."

ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳ ಕಣ್ಣು ಈಗ ಹಣ್ಣಿನ ಕೆಳಗಿನ ಟೈಲಿನ ಮೇಲಿತ್ತು. ನನಗೂ ಆಗಲೇ ಹೊಳೆದದ್ದು, ಅದು ಅವಳ ಅಡುಗೆಮನೆಯ ಟೈಲು. ಬೇಕೆಂದೇ ಚುಚ್ಚುತ್ತಿದ್ದೇವೆ ಅಂದುಕೊಂಡಳೋ ಏನೋ, ಅವಳು ಪರ್ಸ್ ಎತ್ತಿಕೊಂಡು ಎದ್ದಳು. ಇವರು ಆರು ವರ್ಷದ ಹಿಂದೆ ನಿಂತಂತೆಯೇ ತಲೆ ತಗ್ಗಿಸಿ ನಿಂತರು. ಅದನ್ನು ಎರಡನೆಯ ಸಲ ನೋಡುವುದು ನನ್ನಿಂದಾಗಲಿಲ್ಲ.

"ಅಕ್ಕಾ, ಕೂತ್ಕೋ. ಅವತ್ತು ತುಳಿದಿದ್ದು ನಾನು. ಕನ್ನಡಕ ತರೋಕೆ ಹೋಗಿದ್ದೆ."

ಅಕ್ಕ ನನ್ನನ್ನೇ ನೋಡಿದಳು. ನಾನು ಇವರ ಕಡೆ ತಿರುಗಿ ಅಳಲು ಶುರು ಮಾಡಿದೆ. ಇವರು ಬಂದು ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು.

"ನನಗೆ ಗೊತ್ತಿತ್ತು ಕಣೇ. ಸಿಮೆಂಟ್ ಧೂಳಿನ ಮೇಲೆ ನಾಲ್ಕೇ ಬೆರಳಿನ ಹೆಜ್ಜೆ ಗುರುತಿತ್ತು. ನಿನ್ನ ಕಾಲಿನ ಕಿರುಬೆರಳು ನೆಲಕ್ಕೆ ತಾಗೋದಿಲ್ವಲ್ಲ. ಯಾರಾದರೂ ನೋಡೋಕೆ ಮುಂಚೆ ಒರೆಸಿಬಿಟ್ಟೆ."

ಅಕ್ಕ ಪರ್ಸ್ ಕೆಳಗಿಟ್ಟಳು. ಆ ಬಣ್ಣ ಎಲ್ಲೂ ಸಿಗದೆ, ಕುಸಿದ ಟೈಲಿನ ಮೇಲೆ ಇಂದಿಗೂ ಚಾಪೆ ಹಾಕಿ ಮುಚ್ಚಿರುವುದಾಗಿ ಹೇಳಿದಳು. ಇವರು ಮೇಜಿನ ಕಡೆ ಕೈ ತೋರಿದರು. ಪ್ರತಿ ಕೆಲಸದಲ್ಲೂ ಒಂದು ಟೈಲು ಎತ್ತಿಡುತ್ತೇನೆ, ಕರೆದರೆ ಹೋಗೋಣ ಎಂದು ಇದನ್ನೂ ಇಟ್ಟುಕೊಂಡಿದ್ದೆ ಎಂದರು.

ಅಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಸರಿಯಾಗಿ ನಡುವಿನ ಚೀಸಿನ ಚೌಕವನ್ನೇ ಕಿತ್ತು ಬಾಯಿಗೆ ಹಾಕಿಕೊಂಡಳು. ದಾಳಿಂಬೆ ಕಾಳು ಚೆಲ್ಲಾಪಿಲ್ಲಿಯಾಯಿತು.

"ತಿನ್ನಿ ಇಬ್ಬರೂ, ಈ ಟೈಲು ಖಾಲಿ ಆಗಬೇಕು. ನಾಳೆ ಬೆಳಗ್ಗೆನೇ ಬನ್ನಿ ಮೇಸ್ತ್ರಿ," ಎಂದಳು. ಕಣ್ಣೊರೆಸಿಕೊಂಡು ಒಂದು ಅಂಜೂರವನ್ನು ನನ್ನ ಬಾಯಿಗಿಟ್ಟಳು. "ಇವಳನ್ನೂ ಕರ್ಕೊಂಡು ಬನ್ನಿ. ಕನ್ನಡಕ ಮಾತ್ರ ಮೂಗಿನ ಮೇಲೇ ಇರಲಿ."