ಎದುರಿನ ತಟ್ಟೆ

ಡಾಕ್ಟರಮ್ಮ ಗಂಡ ಹೆಂಡತಿ ಇಬ್ರ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಕೊಂಡು ನೋಡಿದ್ರು. ಗಂಡನಿಗೆ ಸಕ್ಕರೆ ಗಡಿ ದಾಟೋಕೆ ಕಾಲೆತ್ತಿ ನಿಂತಿದೆ. ಹೆಂಡತಿಗೆ ರಕ್ತವೇ ಕಮ್ಮಿ.

"ದಿನಾ ಏನ್ ತಿಂತೀರಾ?"

ಅವನು ಹೆಂಡತಿ ಮುಖ ನೋಡಿದ. ಅವಳು ಗೋಡೆ ಮೇಲಿದ್ದ ಮೂಳೆಗಳ ಚಿತ್ರ ನೋಡಿದ್ಲು.

"ಬನ್ನು," ಅಂದ ಅವನು. "ಬೇಕರೀಲಿ ಕೆಲ್ಸ. ಆಕಾರ ಕೆಟ್ಟಿದ್ದು, ತಳ ಸೀದಿದ್ದು, ಮಾರಕ್ಕಾಗದೇ ಇದ್ದಿದ್ದು."

"ನೀನಮ್ಮಾ?"

"ಅವ್ರು ತಿಂದು ಮಿಕ್ಕಿದ್ದು," ಅಂದ್ಲು ಅವಳು.

ಡಾಕ್ಟರಮ್ಮ ಪೆನ್ನು ಮುಚ್ಚಿಟ್ರು. "ಮಾತ್ರೆ ಬರೆಯಲ್ಲ ಈಗ್ಲೇ. ಮನೇಲಿ ಒಲೆ ಇದೆ ತಾನೇ?"

"ಇದೆ ಡಾಕ್ಟ್ರೇ. ಇಸ್ತ್ರಿ ಬಟ್ಟೆ ಮಡಚಿ ಇಡೋಕೆ ಒಳ್ಳೆ ಜಾಗ," ಅಂದ ಅವನು.

ನಗಬಾರ್ದು ಅನ್ಕೊಂಡಿದ್ರೋ ಏನೋ, ಡಾಕ್ಟರಮ್ಮನ ಬಾಯಿ ಒಂಚೂರು ಓರೆ ಆಯ್ತು. "ಬಟ್ಟೆ ಕೆಳಗಿಳಿಸಿ. ಸೊಪ್ಪು, ಬೇಳೆ, ತರಕಾರಿ, ಮೊಟ್ಟೆ. ಬೇಯಿಸ್ಕೊಂಡು ತಿನ್ನಿ. ಚಳಿಗಾಲ ಮುಗಿದ್ಮೇಲೆ ಬಂದು ತೋರಿಸಿ."

ಹೇಳೋದು ಸುಲಭ. ಈ ಮನೇಲಿ ಇಬ್ರಿದ್ರೂ ಒಂದೇ ಹೊತ್ತಿಗೆ ಇಬ್ರೂ ಇರ್ತಿರ್ಲಿಲ್ಲ. ಅವನು ಹೊತ್ತು ಮುಳುಗೋ ಮುಂಚೆ ಹೊರಟು ಹೋಗಿ, ಹಿಟ್ಟು ಕಲಸಿ, ಒಲೆಗೆ ಹಾಕಿ, ಊರೆಲ್ಲ ಏಳೋ ಹೊತ್ತಿಗೆ ಬ್ರೆಡ್ಡು ಗಾಡಿಗೆ ಹತ್ತಿಸಿ ವಾಪಸ್ ಬರೋನು. ಅವಳು ಕನ್ನಡಕದ ವರ್ಕ್‌ಶಾಪಲ್ಲಿ ಗಾಜು ಉಜ್ಜೋಳು. ಅವನು ಮೆಟ್ಟಿಲು ಹತ್ತುವಾಗ ಅವಳು ಇಳಿಯೋಳು. ಎರಡನೇ ಮಹಡಿ ತಿರುವಲ್ಲಿ ದಿನಾ ಭೇಟಿ. ಅವನ ಹುಬ್ಬಲ್ಲಿ ಮೈದಾ, ಅವಳ ಭುಜದಲ್ಲಿ ಬ್ಯಾಗು.

"ಬಂದ್ರಾ ಬನ್ ಸಾಹೇಬ್ರೇ?"

"ಹೊರಟ್ಯಾ ಕನ್ನಡಕ?"

ಅಷ್ಟೇ. ಕೆಳಗೆ ಬಸ್ಸು ಹಾರ್ನ್ ಹೊಡೆಯೋದು. ಭಾನುವಾರ ಅವಳಿಗೆ ರಜ, ಆದ್ರೆ ಜನ ಭಾನುವಾರ ಬ್ರೆಡ್ಡು ಬಿಟ್ಟಾರಾ? ಅವನಿಗೆ ವಾರದ ಮಧ್ಯೆ ಎಲ್ಲೋ ಒಂದಿನ ರಜ. ಆವತ್ತು ಸತ್ತೋರ ಹಾಗೆ ಮಲಗ್ತಿದ್ದ.

ಸರಿ, ಒಂದು ವ್ಯವಸ್ಥೆ ಮಾಡ್ಕೊಂಡ್ರು. ಸಾಯಂಕಾಲ ಅವಳು ಬಂದು ಬೇಯಿಸೋದು, ತನ್ನ ಪಾಲು ತಿಂದು ಅವನ ಪಾಲನ್ನ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡೋದು. ಬೆಳಗ್ಗೆ ಅವನು ಅದನ್ನ ತಿಂದು ಮಲಗೋದು. ಮಧ್ಯಾಹ್ನ ಎದ್ದು ಅವನು ಬೇಯಿಸೋದು, ತಿಂದು, ಅವಳ ನಾಳೆಯ ಡಬ್ಬಿ ತುಂಬಿಟ್ಟು ಕೆಲ್ಸಕ್ಕೆ ಹೋಗೋದು. ಒಬ್ರು ಕೈ ತೊಳೆದಲ್ಲಿಂದ ಇನ್ನೊಬ್ರು ಶುರು ಮಾಡೋದು.

ಅವನೋ, ಬೇಕರಿಯವನು. ತೂಕ ಹಾಕದೇ ಉಪ್ಪನ್ನೂ ಮುಟ್ಟೋನಲ್ಲ. ಹಿಟ್ಟಲ್ಲಿ ಒಂಚೂರು ಹೆಚ್ಚುಕಮ್ಮಿ ಆದ್ರೆ ಇಡೀ ರಾಶಿ ಬನ್ನು ಮುಖ ಊದಿಸ್ಕೊಂಡು ಕೂತ್ಕೊಳತ್ತೆ ಅನ್ನೋ ಭಯದಲ್ಲಿ ಬೆಳೆದ ಜೀವ. ಮೊದಲ್ನೇ ವಾರವೇ ಒಂದು ಪುಟಾಣಿ ತೂಕದ ಯಂತ್ರ ತಂದು ಒಲೆ ಪಕ್ಕ ಇಟ್ಟ. ಕ್ಯಾರೆಟ್ಟಿಗೂ ತೂಕ, ಬೇಳೆಗೂ ತೂಕ. ವರ್ಕ್‌ಶಾಪಲ್ಲಿ ಫ್ರೇಮಿಗೆ ಗಾಜು ಕೂರಿಸೋ ಅಕ್ಕ ಅವಳ ಡಬ್ಬಿ ಬಗ್ಗಿ ನೋಡಿ ಕೇಳಿದ್ಲು, "ಇದೇನೇ, ಬೀನ್ಸೆಲ್ಲ ಅವಳಿ ಜವಳಿ ಮಕ್ಕಳ ಥರ ಇವೆ. ನಿನ್ ಗಂಡ ಹೆಚ್ತಾನೋ, ಹೊಲಿತಾನೋ?"

"ಹೆಚ್ಚಿ ಹಾಜರಿ ತಗೊಳ್ತಾರೆ ಅಕ್ಕಾ."

"ಪುಣ್ಯ ಮಾಡಿದ್ದೆ ಬಿಡು. ನಮ್ಮೋನಿಗೆ ಬೀನ್ಸು ಯಾವ್ದು, ಮೆಣಸಿನಕಾಯಿ ಯಾವ್ದು ಅಂತ ಖಾರ ತಗುಲಿದ್ಮೇಲೇ ಗೊತ್ತಾಗೋದು."

ಅವಳು ನಕ್ಕಳು. ಮಧ್ಯಾಹ್ನ ಪರವಾಗಿಲ್ಲ, ಸುತ್ತ ಜನ ಇರ್ತಿದ್ರು. ಕಷ್ಟ ಇದ್ದಿದ್ದು ಸಾಯಂಕಾಲ.

ಸಾಯಂಕಾಲ ಬಾಗಿಲು ತೆಗೆದ್ರೆ ಮನೆ ತುಂಬ ಅವನು ಹೋಗಿದ್ದಾನೆ ಅನ್ನೋದೇ ಇರ್ತಿತ್ತು. ಬಾತ್‌ರೂಮಲ್ಲಿ ಇನ್ನೂ ಒದ್ದೆ ಟವೆಲ್ಲು, ಸಿಂಕಲ್ಲಿ ತೊಳೆದು ಬೋರಲು ಹಾಕಿದ ಪಾತ್ರೆ, ಹಾಸಿಗೇಲಿ ಅವನು ಮಲಗಿದ್ದ ಕಡೆ ತಗ್ಗು. ಮುಂಚೆ ಬನ್ನು ತಿನ್ನೋವಾಗ ಇದೆಲ್ಲ ಗೊತ್ತಾಗ್ತಿರ್ಲಿಲ್ಲ. ಬನ್ನು ನಿಂತ್ಕೊಂಡು, ಬಟ್ಟೆ ಬಿಚ್ಕೊಂಡು, ಫೋನ್ ನೋಡ್ಕೊಂಡು ತಿಂದ್ಬಿಡಬಹುದು. ಬೇಯಿಸಿದ ಊಟ ಹಾಗಲ್ಲ. ತಟ್ಟೆ ಬೇಕು, ಕೂರಬೇಕು. ಕೂತ್ರೆ ಎದುರಿನ ಕುರ್ಚಿ ಕಾಣತ್ತೆ.

ಒಂದು ಸಂಜೆ ಸುಮ್ನೆ, ತಮಾಷೆಗೆ, ಅವನ ಪಾಲನ್ನ ಡಬ್ಬಿಗೆ ಹಾಕೋ ಬದ್ಲು ತಟ್ಟೆಗೆ ಹಾಕಿ ಎದುರಿಗಿಟ್ಲು. ಕುಂಬಳಕಾಯಿ ಹಾಕಿದ ಬೇಳೆ, ಒಂದು ಮೊಟ್ಟೆ, ಸ್ವಲ್ಪ ಅನ್ನ. ಹಬೆ ಆಡ್ತಿತ್ತು. ಯಾರೋ ಈಗಷ್ಟೇ ಕೈ ತೊಳೆಯೋಕೆ ಎದ್ದು ಹೋದ ಹಾಗಿತ್ತು. ಅವಳಿಗೆ ಊಟ ಇಳೀತು. ಮುಗಿದ್ಮೇಲೆ ಆ ತಟ್ಟೆಯದನ್ನ ಡಬ್ಬಿಗೆ ಸುರಿದು ಫ್ರಿಜ್ಜಿಗಿಟ್ಲು. ಮಾರನೇ ದಿನವೂ ಹಾಗೇ ಮಾಡಿದ್ಲು. ಅಭ್ಯಾಸ ಆಯ್ತು. ಆಮೇಲೆ ತಟ್ಟೆ ಜೊತೆ ಮಾತು ಶುರುವಾಯ್ತು.

"ಇವತ್ತು ಗೊತ್ತಾ, ಒಬ್ರು ತಾತ ಬಂದಿದ್ರು. ಕನ್ನಡಕ ಹಾಕ್ಕೊಂಡಿದ್ದೇ ಹೆಂಡತಿ ಮುಖ ನೋಡಿ, ಇಷ್ಟು ದಿನ ಎಲ್ಲಿದ್ದೆ ಅಂದ್ರು. ಅಜ್ಜಿ ಅಂಗಡಿ ಬಿಟ್ಟು ಹೊರಟೇಬಿಟ್ರು."

ತಟ್ಟೆ ನಗ್ಲಿಲ್ಲ. ಆದ್ರೂ ಹೇಳಿದ ಸಮಾಧಾನ. ಒಂದಿನ ಕೆಳಗಿನ ಮನೆ ಅಜ್ಜಿ ಮೆಟ್ಟಿಲ ಮೇಲೆ ತಡೆದು ಕೇಳಿದ್ರು, "ಏನ್ ಮಗಳೇ, ಮನೆಗೆ ನೆಂಟ್ರು ಬಂದಿದಾರಾ? ಸಾಯಂಕಾಲ ಮಾತು ಕೇಳ್ಸತ್ತೆ."

"ಹೌದಜ್ಜಿ. ಮಾತು ಕಮ್ಮಿ ಅವ್ರದ್ದು."

"ಒಳ್ಳೇ ನೆಂಟ್ರು ಬಿಡು. ನಮ್ಮನೆಗೂ ಅಂಥೋರೇ ಬರ್ಲಿ."

ಮಾತೇನೋ ಆಯ್ತು, ಹೊಟ್ಟೆಗೆ ಮಾತ್ರ ದಿನ ಕಳೆದಂತೆ ಮೋಸ ಗೊತ್ತಾಗೋಕೆ ಶುರುವಾಯ್ತು. ನಾಲ್ಕು ತುತ್ತು ತಿನ್ನೋ ಹೊತ್ತಿಗೆ ಎದುರಿನ ತಟ್ಟೆ ಹಬೆ ನಿಲ್ಲೋದು, ಬೇಳೆ ಮೇಲೆ ತೆಳ್ಳಗೆ ಕೆನೆಗಟ್ಟೋದು, ಅವಳ ತುತ್ತು ಅಲ್ಲಿಗೇ ನಿಲ್ಲೋದು. ತನ್ನ ತಟ್ಟೇಲಿ ಮುಟ್ಟದೇ ಉಳಿದಿದ್ದನ್ನೂ ಅವನ ಡಬ್ಬಿಗೇ ಸೇರಿಸೋಳು. ಚೆಲ್ಲೋಕೆ ಮನಸ್ಸು ಬರ್ತಿರ್ಲಿಲ್ಲ.

ಹೀಗಿರೋವಾಗ ಒಂದು ಬೆಳಗ್ಗೆ ಮೆಟ್ಟಿಲ ತಿರುವಲ್ಲಿ ಅವನು ಅಂದ, "ಯಜಮಾನ್ರು ಹೊಸ ಅಂಗಡಿ ಹಾಕ್ತಿದಾರೆ. ಕೌಂಟರಿಗೆ ಬರ್ತೀಯಾ ಅಂತ ಕೇಳಿದ್ರು. ಹಗಲು ಕೆಲ್ಸ."

ಅವಳು ಇಳಿಯೋಕಿಟ್ಟ ಕಾಲು ವಾಪಸ್ ತಗೊಂಡ್ಲು. ಹಗಲು ಕೆಲ್ಸ ಅಂದ್ರೆ ಸಾಯಂಕಾಲ ಮನೆ. ಸಾಯಂಕಾಲ ಮನೆ ಅಂದ್ರೆ ಎದುರಿನ ಕುರ್ಚೀಲಿ ಮನುಷ್ಯ.

"ನೀವೇನಂದ್ರಿ?"

"ಯೋಚ್ನೆ ಮಾಡ್ತೀನಿ ಅಂದೆ. ಏನ್ ಮಾಡ್ಲಿ?"

ಒಪ್ಕೊಳ್ಳಿ ಅನ್ಬೇಕಿತ್ತು. ನಾಲಿಗೆ ತುದೀಲಿ ಇತ್ತು. ಆದ್ರೆ ಹದಿನೆಂಟು ವರ್ಷದಿಂದ ಆ ಒಲೆ ಮುಂದೆ ನಿಂತಿರೋ ಮನುಷ್ಯ, ಹಿಟ್ಟು ಉಬ್ಬೋದನ್ನ ಮಗು ನಿದ್ದೆ ಮಾಡೋದನ್ನ ನೋಡೋ ಥರ ನೋಡೋನು, ಅವನನ್ನ ಚಿಲ್ಲರೆ ಎಣಿಸೋಕೆ ಕೂರಿಸಿದ್ರೆ ನಾಳೆ ನೀನೇ ಹೇಳಿದ್ದು ಅಂತ ಅಂದ್ರೆ? ಕೆಳಗೆ ಬಸ್ಸು ಹಾರ್ನ್ ಹೊಡೀತು.

"ನಿಮ್ಮಿಷ್ಟ," ಅಂದು ಇಳಿದುಬಿಟ್ಲು.

ಬಸ್ಸಲ್ಲಿ ಕೂತ್ಕೊಂಡು ಆ ಒಂದು ಮಾತನ್ನ ಎಷ್ಟು ಸಲ ವಾಪಸ್ ತಗೊಂಡ್ಲೋ. ಆಮೇಲೆ ದಿನಾ ತಿರುವಲ್ಲಿ ಅವನ ಮುಖ ನೋಡೋಳು, ಹೇಳ್ತಾನಾ ಅಂತ. ಅವನು ಹೇಳ್ಲಿಲ್ಲ. ಅವಳು ಕೇಳ್ಲಿಲ್ಲ. ಎದುರಿನ ತಟ್ಟೆಗೆ ಮಾತ್ರ ದಿನಾ ಹೇಳೋಳು, "ಒಪ್ಕೊಳ್ರೀ. ಚಿಲ್ಲರೆ ನಾನ್ ಎಣಿಸಿಕೊಡ್ತೀನಿ ಬೇಕಾದ್ರೆ."

ಚಳಿ ಕಮ್ಮಿಯಾಯ್ತು. ರಿಪೋರ್ಟು ಬಂತು. ಅವನ ಸಕ್ಕರೆ ತಣ್ಣಗೆ ಗಡಿಯಿಂದ ಹಿಂದೆ ಸರಿದಿತ್ತು. ಅವಳ ರಕ್ತ ಮಾತ್ರ ಇದ್ದಲ್ಲೇ ಇತ್ತು. ಡಾಕ್ಟರಮ್ಮ ಅವಳನ್ನೇ ದಿಟ್ಟಿಸಿ, "ನೀನು ಅದನ್ನೇ ತಿಂತಿದೀಯ ತಾನೇ?" ಅಂದ್ರು. ಅವಳು ಹೂಂ ಅಂತ ತಲೆ ಆಡಿಸಿದ್ಲು.

ಆ ವಾರವೇ ಬೇಕರಿಯ ಒಲೆ ಕೆಟ್ಟು ಕೂತ್ಕೊಳ್ತು. ರಿಪೇರಿ ಮುಗಿಯೋವರೆಗೂ ಯಾರೂ ಬರೋದು ಬೇಡ ಅಂದ್ರಂತೆ. ಬೆಳಗ್ಗೆ ತಿರುವಲ್ಲಿ ಅವನು, "ಇವತ್ತು ಸಾಯಂಕಾಲ ಮನೇಲೇ ಇರ್ತೀನಿ," ಅಂದಾಗ ಅವಳು ಎರಡು ಮೆಟ್ಟಿಲು ತಪ್ಪಿ ಇಳಿದ್ಲು. ಇಡೀ ದಿನ ಗಾಜಿನ ಮೇಲೆ ಬೀಳೋ ನೀರಿನ ಸದ್ದಲ್ಲಿ ಮಾತು ಜೋಡಿಸ್ಕೊಂಡ್ಲು. ಊಟಕ್ಕೆ ಕೂತಾಗ ಹೇಳ್ಬೇಕು. ಸುತ್ತು ಬಳಸು ಬೇಡ. ಹಗಲು ಕೆಲ್ಸಕ್ಕೆ ಹೋಗ್ರೀ, ನಂಗೆ ನೀವು ಎದುರಿಗೆ ಬೇಕು.

ಬಂದಾಗ ಅವನು ಕೂದ್ಲು ಕೆದರ್ಕೊಂಡು ಈಗಷ್ಟೇ ಎದ್ದು ಕೂತಿದ್ದ. ಇಬ್ರಿಗೂ ಒಬ್ರಿಗೊಬ್ರು ನಾಚಿಕೆ, ಹೊಸದಾಗಿ ಹೆಣ್ಣು ನೋಡೋಕೆ ಬಂದೋರ ಹಾಗೆ. ಅವಳು ಬೇಳೆಗೆ ಸೊಪ್ಪು ಹಾಕಿದ್ಲು. ಅವನು ಸೊಪ್ಪನ್ನ ತೂಕಕ್ಕಿಡೋಕೆ ಹೋಗಿ, ಅವಳು ಕಣ್ಣು ಬಿಟ್ಟಿದ್ದು ನೋಡಿ ಕೈ ಹಿಂದೆ ತಗೊಂಡ.

ಎರಡು ತಟ್ಟೆ ಬಡಿಸಿದ್ಲು. ಅವನು ಕೂತ. ಅವಳು ಬಾಯಿ ತೆಗೆದ್ಲು. ಅಷ್ಟೊತ್ತಿಗೆ ಅವನ ಫೋನು.

"ಯಜಮಾನ್ರು. ಒಲೆ ವಿಷ್ಯ ಇರ್ಬೇಕು. ನೀನು ತಿಂತಿರು, ಆರಿಹೋಗತ್ತೆ." ಅವನು ಎದ್ದು ಕಿಟಕಿ ಹತ್ರ ಹೋದ. ಅಲ್ಲೇ ಸಿಗ್ನಲ್ಲು ಸಿಗ್ತಿದ್ದಿದ್ದು.

ಮಾತು ಬೆಳೀತು. ಬರ್ನರು, ಪೈಪು, ಮೆಕ್ಯಾನಿಕ್ಕು. ಅವಳು ತಿನ್ನೋಕೆ ಶುರು ಮಾಡಿದ್ಲು. ಎದುರಿಗೆ ತಟ್ಟೆ, ತಟ್ಟೇಲಿ ಹಬೆ, ಹಿಂದೆ ಖಾಲಿ ಕುರ್ಚಿ. ಯಾವಾಗ್ಲೂ ಹೇಗಿರತ್ತೋ ಹಾಗೇ. ಯಾವಾಗ ಶುರು ಮಾಡಿದ್ಲೋ ಅವಳಿಗೇ ಗೊತ್ತಿಲ್ಲ, ಮೆಲ್ಲಗೆ ಅಂತಿದ್ಲು, "ಫ್ರೇಮಕ್ಕನ ಮಗಳಿಗೆ ಹಲ್ಲು ಬಂತಂತೆ. ಇಡೀ ವರ್ಕ್‌ಶಾಪಿಗೆ ಫೋಟೋ ತೋರಿಸಿದ್ರು. ನೋಡಿದ್ರೆ ಹಲ್ಲೇ ಕಾಣಲ್ಲ, ಬರೀ ಜೊಲ್ಲು." ಹಬೆ ನಿಂತಿತು. ಎದ್ದು, ಅವನ ತಟ್ಟೆಯದನ್ನ ಡಬ್ಬಿಗೆ ಸುರಿದ್ಲು, ತನ್ನದರಲ್ಲಿ ಉಳಿದಿದ್ದನ್ನೂ ಸೇರಿಸಿದ್ಲು, ಮುಚ್ಚಳ ಒತ್ತಿದ್ಲು, ಫ್ರಿಜ್ಜಲ್ಲಿಟ್ಲು, ತಟ್ಟೆ ತೊಳೆಯೋಕೆ ನಲ್ಲಿ ತಿರುಗಿಸಿದ್ಲು.

ತಿರುಗಿ ನೋಡಿದ್ರೆ ಅವನು ಫೋನು ಕೈಯಲ್ಲಿ ಹಿಡ್ಕೊಂಡು ಖಾಲಿ ಮೇಜಿನ ಮುಂದೆ ನಿಂತಿದ್ದ.

"ನನ್ ಊಟ?"

ಅವಳಿಗೆ ನೆಲ ಬಾಯಿಬಿಡಬಾರ್ದೇ ಅನ್ನಿಸ್ತು. "ಫ್ರಿಜ್ಜಲ್ಲಿ," ಅಂದ್ಲು.

"ಯಾರ ಜೊತೆ ಮಾತಾಡ್ತಿದ್ದೆ?"

"ನಿಮ್ ಜೊತೆ."

"ನಾನು ಅಲ್ಲಿದ್ನಲ್ಲೇ, ಕಿಟಕಿ ಹತ್ರ."

"ದಿನಾ ಮಾತಾಡೋ ನಿಮ್ ಜೊತೆ."

ಅವನಿಗೆ ಅರ್ಥ ಆಗ್ಲಿಲ್ಲ. ಫ್ರಿಜ್ಜು ತೆಗೆದು ಡಬ್ಬಿ ಎತ್ಕೊಂಡ. ಅಭ್ಯಾಸ ಬಲ, ಮುಚ್ಚಳ ತೆಗೆಯೋ ಮುಂಚೆ ತೂಕದ ಯಂತ್ರದ ಮೇಲಿಟ್ಟ. ಅಡುಗೆಮನೆ ಕಟ್ಟೆಗೆ ಒರಗಿ, ನಿಂತ್ಕೊಂಡೇ, ಚಮಚ ತಗೊಂಡ. ಬೇಕರೀಲಿ ಎಲ್ರೂ ಹಾಗೇ ನಿಂತು ತಿನ್ನೋದು.

"ಇವತ್ತೂ ಜಾಸ್ತಿ," ಅಂದ ಖುಷಿಯಿಂದ. "ನನ್ ಪಾಲು ಯಾವಾಗ್ಲೂ ಜಾಸ್ತೀನೇ ಇರತ್ತೆ. ನೋಡಿ ನೋಡೀನೇ ಧೈರ್ಯ ಬಂದಿದ್ದು ನಂಗೆ."

"ಏನ್ ಧೈರ್ಯ?"

"ಯಜಮಾನ್ರಿಗೆ ಕೌಂಟರ್ ಬೇಡ ಅನ್ನೋಕೆ. ಮನೆ ಚೆನ್ನಾಗಿ ನಡೀತಿದೆ, ಅವಳು ಹೊಟ್ಟೆ ತುಂಬ ತಿಂದು ಮಿಗಿಸಿ ಕಳಿಸ್ತಿದಾಳೆ, ಸಕ್ಕರೆ ಇಳಿದಿದೆ, ಅವಳ ರಕ್ತವೂ ನಿಧಾನಕ್ಕೆ ಏರತ್ತೆ. ಇದನ್ನ ಯಾಕೆ ಕೆಡಿಸೋದು ಅಂತ. ನೀನೂ ನಿಮ್ಮಿಷ್ಟ ಅಂದ್ಯಲ್ಲ."

ನಲ್ಲಿ ಇನ್ನೂ ಸುರೀತಿತ್ತು. ಅವಳು ನಿಲ್ಲಿಸಿದ್ಲು.

"ಜಾಸ್ತಿ ಅಲ್ಲ ರೀ ಅದು. ನಾನು ತಿನ್ನದೇ ಬಿಟ್ಟಿದ್ದು. ಒಬ್ಳೇ ಕೂತ್ರೆ ಇಳಿಯಲ್ಲ ನಂಗೆ."

ಚಮಚ ಅವನ ಬಾಯಿ ಹತ್ರ ಹೋಗಿದ್ದು ಅಲ್ಲೇ ನಿಂತಿತು. ಡಬ್ಬಿಯನ್ನ ನೋಡಿದ, ತೂಕದ ಅಂಕಿಯನ್ನ ನೋಡಿದ. ಇಷ್ಟು ವರ್ಷ ಯಾವ ತೂಕದ ಯಂತ್ರವೂ ಅವನಿಗೆ ಸುಳ್ಳು ಹೇಳಿರ್ಲಿಲ್ಲ. ಈಗ್ಲೂ ಹೇಳಿರ್ಲಿಲ್ಲ ಅಂತ ಇಟ್ಕೊಳ್ಳಿ, ಓದೋಕೆ ಬರ್ಲಿಲ್ಲ ಅವನಿಗೆ.

"ಮುಂಚೇನೇ ಹೇಳ್ಬಾರ್ದಾಗಿತ್ತಾ ಕನ್ನಡಕ?"

"ಬಸ್ ಬಂತು."

ಅವನು ಅಲ್ಲೇ ಯಜಮಾನ್ರಿಗೆ ಫೋನ್ ಹಚ್ಚಿದ. ಅವಳು ಅವನ ಬೆನ್ನನ್ನೇ ನೋಡ್ತಿದ್ಲು. ಹೂಂ, ಹೂಂ, ಸರಿ, ಇಲ್ಲ ಬಿಡಿ. ಬೆನ್ನಲ್ಲೇ ಗೊತ್ತಾಯ್ತು. ಕೌಂಟರಿಗೆ ಆಗ್ಲೇ ಯಾರೋ ಹೆಂಗಸು ಸೇರ್ಕೊಂಡಾಗಿತ್ತು, ಲೆಕ್ಕದಲ್ಲಿ ಚುರುಕಂತೆ. ನಾಳೆಯಿಂದ ಒಲೆ ಉರಿಯತ್ತೆ, ಬಂದ್ಬಿಡು ಅಂದ್ರಂತೆ.

ಅವನು ಡಬ್ಬಿ ತಂದು ಮೇಜಿನ ಮೇಲಿಟ್ಟು ಎದುರಿನ ಕುರ್ಚೀಲಿ ಕೂತ. "ಬಿಸಿ ಮಾಡ್ಕೊಡ್ಲಾ?" ಅಂದ್ಲು. ಬೇಡ ಅಂದ. ತಣ್ಣಗೇ ತಿಂದ. ಅವಳೂ ಒಂದು ಚಮಚ ತಂದು ಅದೇ ಡಬ್ಬಿಗೆ ಹಾಕಿದ್ಲು. ಫ್ರೇಮಕ್ಕನ ಮಗಳ ಹಲ್ಲಿನ ಕಥೆ ಮತ್ತೆ ಹೇಳು ಅಂದ ಅವನು. ಹೇಳಿದ್ಲು. ಎರಡನೇ ಸಲ ಅಷ್ಟು ಚೆನ್ನಾಗಿ ಬರ್ಲಿಲ್ಲ. ಅವನು ನಕ್ಕ, ಸ್ವಲ್ಪ ಜಾಸ್ತೀನೇ.

ಒಲೆ ರಿಪೇರಿ ಆಯ್ತು. ಅವನು ಮತ್ತೆ ಸಂಜೆಗೆ ಮುಂಚೆ ಹೋಗೋಕೆ ಶುರು ಮಾಡಿದ. ಆದ್ರೆ ಈಗ ಅವಳು ಬೆಳಗ್ಗೆ ಒಂಚೂರು ಬೇಗ ಏಳ್ತಾಳೆ. ಅವನ ಡಬ್ಬಿ ಬಿಸಿ ಮಾಡ್ಕೊಂಡು ಎರಡನೇ ಮಹಡಿ ತಿರುವಲ್ಲಿ ಕೂತಿರ್ತಾಳೆ. ಅವನು ಹತ್ತಿ ಬಂದು ಪಕ್ಕದಲ್ಲಿ ಕೂರ್ತಾನೆ. ಎರಡು ಚಮಚ, ಒಂದು ಡಬ್ಬಿ. ಕೆಳಗಿನ ಅಜ್ಜಿ ಹಾಲಿಗೆ ಹೊರಟೋರು, "ದಾರೀಲಿ ಹೋಟ್ಲು ಇಟ್ಬಿಟ್ರಲ್ಲಪ್ಪ," ಅಂತ ಸೆರಗು ಎತ್ಕೊಂಡು ದಾಟ್ತಾರೆ. ಬಸ್ಸು ಹಾರ್ನ್ ಹೊಡಿಯೋವರೆಗೂ ಊಟ. ಹಾರ್ನ್ ಕೇಳಿದ್ಮೇಲೆ ಚಮಚ ಅವನ ಕೈಗೆ ಕೊಟ್ಟು ಅವಳು ಇಳೀತಾಳೆ.

ಸಾಯಂಕಾಲ ಮನೆ ಹಾಗೇ ಇದೆ. ಒದ್ದೆ ಟವೆಲ್ಲು, ಬೋರಲು ಪಾತ್ರೆ, ಹಾಸಿಗೆಯ ತಗ್ಗು. ಅವಳು ಬೇಯಿಸ್ತಾಳೆ, ಎದುರಿಗೆ ತಟ್ಟೆ ಇಡ್ತಾಳೆ. ಮಾತು ಮಾತ್ರ ಆಡಲ್ಲ. ಇವತ್ತಿನದೆಲ್ಲ ಈ ತಟ್ಟೆಗೆ ಹೇಳ್ಬಿಟ್ರೆ ಬೆಳಗ್ಗೆ ಮೆಟ್ಟಿಲಿಗೆ ಏನ್ ಉಳಿಯತ್ತೆ? ಹಾಗಾಗಿ ಮನೆ ಮುಂಚೆಗಿಂತ್ಲೂ ಸುಮ್ಮನಿದೆ. ಗೋಡೆ ಆಚೆ ಯಾರೋ ಕುರ್ಚಿ ಎಳೆದ ಸದ್ದು, ಯಾರದೋ ಮನೆ ಕುಕ್ಕರಿನ ಸೀಟಿ. ಅವಳು ಎದುರಿನ ತಟ್ಟೆಯ ಹಬೆ ನಿಲ್ಲೋದನ್ನ ನೋಡದೇ, ತಲೆ ತಗ್ಗಿಸ್ಕೊಂಡು, ತನ್ನ ಪಾಲನ್ನ ತಿನ್ನೋಕೆ ಪ್ರಯತ್ನ ಮಾಡ್ತಾಳೆ. ನಾಳೆ ಅವನು ಡಬ್ಬಿ ಕೈಗೆ ತಗೊಂಡ ಕೂಡ್ಲೇ ಭಾರ ನೋಡ್ತಾನೆ. ಈಗ ಅವನಿಗೆ ಓದೋಕೆ ಬರತ್ತೆ.