ಒಲೆ ಹಚ್ಚದೆ ಕಟ್ಟಿದ ಉಂಡೆ

ನಾನೊಂದು ಕಲಬತ್ತ. ಬೆಂಗಳೂರು ಕಡೆಯವರು ಕುಟ್ಟಾಣಿ ಅಂತಾರಂತೆ, ಅನ್ನಲಿ, ನನ್ನ ಗಂಟೇನೂ ಹೋಗುವುದಿಲ್ಲ. ಹುಬ್ಬಳ್ಳಿ ಕಡೆಯ ಒಂದು ಎರಕದ ಭಟ್ಟಿಯಲ್ಲಿ ನನ್ನ ಹುಟ್ಟು. ಮುರಿದ ಗಾಲಿ, ಕಿಟಕಿಯ ಸರಳು, ಸವೆದ ನೇಗಿಲ ಕುಡ ಎಲ್ಲ ಒಟ್ಟಿಗೆ ಕರಗಿ, ಮರಳಿನ ಅಚ್ಚಿಗೆ ಬಿದ್ದು, ಆರಿದ ಮೇಲೆ ನಾನಾದೆ. ಹಾಗಾಗಿ ನನ್ನ ಕುಲಗೋತ್ರ ಕೇಳಬೇಡಿ. ಹೊಟ್ಟೆ ದೊಡ್ಡದು, ಕಾಲು ಗಿಡ್ಡ, ಮೈ ಕರ್ರಗೆ. ನನ್ನ ಜೊತೆಗೇ ಹುಟ್ಟಿದ್ದು ಕುಟ್ಟುವ ಹಾರೆ. ಅದು ಇದ್ದರೆ ನನಗೆ ದನಿ, ಇಲ್ಲದಿದ್ದರೆ ನಾನು ಬರೀ ತೂಕ.

ಕೃಷ್ಣಾ ಹೊಳೆ ಸೀಮೆಯ ಒಂದು ನೇಕಾರರ ಊರಿನ ಸಂತೆಗೆ ನನ್ನನ್ನು ತಂದರು. ಅಲ್ಲಿ ಒಬ್ಬ ಮುದುಕಿ ನನ್ನ ಅಂಚಿಗೆ ಹಾರೆ ತಾಗಿಸಿ, ಕಿವಿಗೊಟ್ಟು ಕೇಳಿ, "ದನಿ ಚಲೋ ಐತಿ, ಓಣಿ ತುದಿಮಟ ಹೋಗ್ತೈತಿ" ಅಂದಳು. ಕುಟ್ಟುವುದಕ್ಕೆ ದನಿ ಯಾಕೆ ಬೇಕೋ, ನನಗೆ ಆಗ ತಿಳಿಯಲಿಲ್ಲ. ಮನೆಗೆ ಬಂದರೆ ಒಳಕೋಣೆಯಲ್ಲಿ ಅವಳ ಸೊಸೆ ಅಂಬವ್ವ ಹಡೆದು ಮಲಗಿದ್ದಳು, ಪಕ್ಕದಲ್ಲಿ ಕೆಂಪನೆಯ ಕೂಸು. ಕೂಸಿನ ಹೆಸರು ಆಮೇಲೆ ಮೋನಪ್ಪ ಅಂತ ಇಟ್ಟರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನನ್ನ ಕೆಲಸ ಶುರುವಾಯಿತು. ಬಾಣಂತಿಗೆ ಅಂಟಿನ ಉಂಡೆ ಬೇಕಲ್ಲ. ಕಲ್ಲಿನಂಥ ಉತ್ತತ್ತಿ, ಒಣಕೊಬ್ಬರಿ, ಬದಾಮಿ, ಗೋಡಂಬಿ, ಗಸಗಸೆ, ಎಲ್ಲ ನನ್ನ ಹೊಟ್ಟೆಯಲ್ಲಿ ಪುಡಿಯಾಗಿ, ತುಪ್ಪದಲ್ಲಿ ಹುರಿದ ಅಂಟು, ಬೆಲ್ಲದ ಪಾಕದ ಜೊತೆ ಕೂಡಿ ಉಂಡೆ ಆಗುತ್ತವೆ. ಹಡೆದವಳ ಸೊಂಟ ಗಟ್ಟಿಯಾಗಬೇಕು, ಎದೆಯಲ್ಲಿ ಹಾಲು ಇಳಿಯಬೇಕು, ಹೋದ ರಕ್ತ ಮರಳಿ ಬರಬೇಕು, ಅದಕ್ಕೆ ಈ ಉಂಡೆ. ನನ್ನ ದನಿ ಠಣ್ ಠಣ್ ಅಂತ ಓಣಿಗೆಲ್ಲ ಕೇಳಿತು. ಸ್ವಲ್ಪ ಹೊತ್ತಿಗೆ ಹೆಂಗಸರು ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತು, "ಗಂಡೋ ಹೆಣ್ಣೋ?" ಅಂತ ಕೇಳಿದರು. ಮುದುಕಿ ದನಿ ನೋಡಿ ನನ್ನನ್ನು ಕೊಂಡದ್ದು ಯಾಕೆ ಅಂತ ಆಗ ಗೊತ್ತಾಯಿತು. ಈ ಓಣಿಯಲ್ಲಿ ಹುಟ್ಟಿನ ಸುದ್ದಿ ಹೇಳುವವನು ನಾನೇ.

ಅಲ್ಲಿಂದ ಓಣಿಯ ಎಲ್ಲ ಬಾಣಂತಿಯರ ಮನೆಗೂ ಹೋಗಿಬಂದೆ. ಸೊಂಟದ ಮೇಲೆ ಹೊತ್ತು ಒಯ್ಯುತ್ತಿದ್ದರು, ಬೂದಿ ಹಚ್ಚಿ ತೊಳೆದು ಮರಳಿ ತರುತ್ತಿದ್ದರು. ಒಂದು ಕಟ್ಟಳೆ ಮಾತ್ರ ಯಾರೂ ಮೀರುತ್ತಿರಲಿಲ್ಲ. ಕೂಸು ಹುಟ್ಟುವ ಮೊದಲು ಉತ್ತತ್ತಿಗೆ ಪೆಟ್ಟು ಬೀಳುವ ಹಾಗಿಲ್ಲ. ಸಾಮಾನು ತಂದಿಡಬಹುದು, ಕುಟ್ಟಬಾರದು. ವರ್ಷಗಳು ಉರುಳಿದವು. ಮುದುಕಿ ತೀರಿಕೊಂಡಳು. ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬಂದವು. ಅವುಗಳ ಗದ್ದಲದಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುತ್ತಿರಲಿಲ್ಲ, ಹಾಗಾಗಿ ಉತ್ತತ್ತಿ ಕುಟ್ಟುವವರು ಮಗ್ಗ ಶುರುವಾಗುವ ಮುಂಚೆಯೇ ಕುಟ್ಟಿ ಮುಗಿಸುತ್ತಿದ್ದರು. ಮನೆಮನೆಗೆ ಮಿಕ್ಸರ್ ಬಂತು. ಉತ್ತತ್ತಿ ಹಾಕಿದ ಮಿಕ್ಸರುಗಳು ಹೊಗೆ ಕಾರಿ ಸತ್ತವು, ನಾನು ಉಳಿದೆ. ಹೇಳಿಕೊಳ್ಳಬಾರದು, ಆದರೂ ಆಗ ನನಗೆ ಒಳಗೊಳಗೇ ಖುಷಿ ಆಗಿತ್ತು.

ಮೋನಪ್ಪನಿಗೆ ಲಗ್ನವಾಗಿ ಸಾವಂತ್ರಿ ಬಂದಳು. ತಾಯಿಯಿಲ್ಲದ ಹುಡುಗಿ, ಸೋದರಮಾವನ ಮನೆಯಲ್ಲಿ ಬೆಳೆದವಳು. ಸಿಹಿ ಅಂದರೆ ಪ್ರಾಣ. ಅತ್ತೆ ಅತ್ತ ತಿರುಗಿದರೆ ಸಾಕು, ಡಬ್ಬಿಯಿಂದ ಒಂದು ಖರ್ಜೂರ ಎತ್ತಿ ಬಾಯಿಗೆ ಹಾಕಿಕೊಂಡು, ಬೀಜವನ್ನು ನನ್ನ ಹೊಟ್ಟೆಯಲ್ಲಿ ಉಗುಳಿ ಬಚ್ಚಿಡುತ್ತಿದ್ದಳು. ಅಂಬವ್ವನಿಗೆ ಗೊತ್ತಿರಲಿಲ್ಲ ಅಂತೀರೇನು? ಎಲ್ಲ ಗೊತ್ತಿತ್ತು. ನನ್ನನ್ನು ತೊಳೆಯಲು ಎತ್ತಿದಾಗ ಬೀಜ ಉರುಳಿ ಬಿದ್ದರೆ ಮುಖ ಗಂಟು ಹಾಕಿಕೊಂಡು ಸುಮ್ಮನೆ ಎತ್ತಿ ಎಸೆಯುತ್ತಿದ್ದಳು. ಬಾಯಿ ಬಿರುಸು ಆ ಹೆಂಗಸಿನದು, ಆದರೆ ತಿನ್ನುವುದಕ್ಕೆ ಎಂದೂ ಬೈದವಳಲ್ಲ.

ಸಾವಂತ್ರಿ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ತವರಿನಲ್ಲಿ ತಾಯಿ ಇಲ್ಲ, ಅದಕ್ಕೆ ಅಂಬವ್ವ ತಾನೇ ಎಲ್ಲ ಹೊತ್ತುಕೊಂಡಳು. ಪೇಟೆಗೆ ಹೋಗಿ ಉತ್ತತ್ತಿಯನ್ನು ಒಂದೊಂದೇ ಅಮುಕಿ ನೋಡಿ ಆರಿಸಿ ತಂದಳು. ಬದಾಮಿ ತಂದಳು, ಗಸಗಸೆ ತಂದಳು, ಅಂಟನ್ನು ಬಿಸಿಲಿಗೆ ಹಾಕಿ ಒಣಗಿಸಿ ಡಬ್ಬಿ ತುಂಬಿಸಿಟ್ಟಳು. ನನ್ನನ್ನೂ ಬೂದಿ ಹಚ್ಚಿ ತಿಕ್ಕಿ, ಬೋರಲು ಹಾಕಿ ಇಟ್ಟಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಗುನುಗುತ್ತ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಹೆರಿಗೆ ದವಾಖಾನೆಯಲ್ಲಿ ಆಯಿತು. ಮನೆಯವರು ಬರಿಗೈಯಲ್ಲಿ ಮರಳಿ ಬಂದರು. ಮೋನಪ್ಪನ ಕೈಗೆ ಕೆಮ್ಮಣ್ಣು ಹತ್ತಿತ್ತು. ಸಾವಂತ್ರಿ ಗೋಡೆ ಹಿಡಿದುಕೊಂಡು ಒಳಗೆ ಬಂದು, ಹಾಸಿಗೆಯಿಲ್ಲದ ನೆಲದ ಮೇಲೆ ಕೂತಳು. ಅವಳ ಕುಪ್ಪಸದ ಮುಂದೆ ಎರಡು ಕಡೆ ಒದ್ದೆಯಾಗಿತ್ತು. ಕೂಸು ಇಲ್ಲ ಅಂತ ಎದೆಗೆ ಯಾರು ಹೇಳಬೇಕು? ಹಾಲು ಬರುತ್ತಲೇ ಇತ್ತು.

ಅಂಬವ್ವ ಒಂದು ಹಳೆಯ ಪಂಚೆ ಹರಿದು ಅವಳ ಎದೆಗೆ ಬಿಗಿಯಾಗಿ ಕಟ್ಟಿದಳು. ಸಾಮಾನಿನ ಡಬ್ಬಿಯನ್ನು ಜೋಳದ ಚೀಲಗಳ ಹಿಂದೆ ಸರಿಸಿದಳು. ಸಾವಂತ್ರಿ ತಲೆ ಎತ್ತಿ, "ಅತ್ತಿ, ಉಂಡಿ ಕಟ್ಟಂಗಿಲ್ಲೇನು?" ಅಂದಳು.

"ಕೂಸ ಇಲ್ಲದ ಬಾಣಂತನ ಎಲ್ಲೂ ಇಲ್ಲ. ಈ ಮನ್ಯಾಗಂತೂ ಎಂದೂ ಆಗಿಲ್ಲ."

"ಸೊಂಟ ನಿಂದ್ರವಲ್ದು ಅತ್ತಿ. ನಾನೂ ಹಡದೀನಲ್ಲ."

"ಕಲಬತ್ತದ ಸಪ್ಪಳ ಕೇಳಿದ್ರ ಓಣಿ ಮಂದಿ ಏನಂದಾರು? ಕೂಸನ್ನ ಮಣ್ಣಾಗ ಇಟ್ಟು ಬಂದು ಉಂಡಿ ಕಟ್ಟಾಕತ್ತಾರ ಅಂತಾರ. ಮಾತು ಸಾಕು."

ಮೋನಪ್ಪ ಅಲ್ಲೇ ಇದ್ದ. ಎಲ್ಲ ಕೇಳಿಸಿಕೊಂಡ. ಎದ್ದು ಮಗ್ಗದ ಶೆಡ್ಡಿಗೆ ಹೋದ. ನನಗೆ ಸಿಟ್ಟು ಬಂದದ್ದು ಅಂಬವ್ವನಿಗಿಂತ ಅವನ ಮೇಲೆ. ಅವನು ಹುಟ್ಟಿದಾಗ ಅವನ ಅವ್ವನಿಗೆ ಕುಟ್ಟಿದವನು ನಾನು, ಆ ಸಲುಗೆಯಲ್ಲಿ ಹೇಳುತ್ತಿದ್ದೇನೆ, ಗಂಡಸಿಗೆ ಅಷ್ಟು ಬಾಯಿ ಸತ್ತಿರಬಾರದು.

ಒಂದು ವಾರವೂ ಕಳೆದಿರಲಿಲ್ಲ, ಸಾವಂತ್ರಿಯನ್ನು ಕಂಡಿಕೆ ಸುತ್ತಲು ಕೂರಿಸಿದರು. ನೂಲು ಸುತ್ತುವ ರಾಟಿಯ ಮುಂದೆ ಕೂತರೆ ಅವಳಿಗೆ ತಲೆ ತಿರುಗುತ್ತಿತ್ತು. ಏಳುವಾಗ ಗೋಡೆ, ಕೂರುವಾಗ ಗೋಡೆ. ಮೈಯೆಲ್ಲ ಬಿಳಚಿಕೊಂಡಿತ್ತು. ಓಣಿಯ ಹೆಂಗಸರು ಬಾಗಿಲ ಮುಂದೆ ಹಾದುಹೋಗುವಾಗ ದನಿ ತಗ್ಗಿಸುತ್ತಿದ್ದರು, ಒಬ್ಬರೂ ಒಳಗೆ ಬಂದು ಏನೂ ಕೇಳಲಿಲ್ಲ. ಕೇಳಿದರೆ ನೋವಾದೀತು ಅಂತ ಅವರ ಲೆಕ್ಕ. ಆ ಕೂಸು ಹುಟ್ಟಿಯೇ ಇರಲಿಲ್ಲವೇನೋ ಅನ್ನುವಂತೆ ಮನೆ ನಡೆಯುತ್ತಿತ್ತು.

ಒಂದು ದಿನ ಅಂಬವ್ವ ಸೀರೆ ಮಡಚಲು ಶೆಡ್ಡಿಗೆ ಹೋದಾಗ ಸಾವಂತ್ರಿ ಚೀಲಗಳ ಹಿಂದೆ ಕೈ ಹಾಕಿ ಡಬ್ಬಿ ಎಳೆದಳು. ನನ್ನನ್ನು ಎತ್ತಲು ಅವಳಿಗೆ ಆಗಲಿಲ್ಲ. ನೆಲದ ಮೇಲೆ ತಳ್ಳಿಕೊಂಡು ಹಿತ್ತಲ ಬಾಗಿಲ ಹತ್ತಿರ ತಂದಳು. ಕಾಲು ಚಾಚಿ ಕೂತು ನನ್ನನ್ನು ನಡುವೆ ಇಟ್ಟುಕೊಂಡು ಉತ್ತತ್ತಿ ಹಾಕಿದಳು. ಮಗ್ಗಗಳು ಭೋರ್ಗರೆಯುತ್ತಿದ್ದವು. ಆ ಗದ್ದಲದಲ್ಲಿ ಹಾರೆ ಬಿದ್ದದ್ದು ನನಗೆ ಬಿಟ್ಟರೆ ಯಾರಿಗೂ ಕೇಳಲಿಲ್ಲ. ಹಸಿ ಬಾಣಂತಿ ತನ್ನ ಉಂಡೆಗೆ ತಾನೇ ಕುಟ್ಟಿಕೊಳ್ಳುವುದನ್ನು ನಾನು ಕಂಡದ್ದು ಅದೇ ಮೊದಲು. ನಾಲ್ಕು ಪೆಟ್ಟಿಗೊಮ್ಮೆ ಹಾರೆಯನ್ನು ಎದೆಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಆದಷ್ಟು ಪುಡಿಯನ್ನು ಒಂದು ಕುಪ್ಪಸದ ಬಟ್ಟೆಯಲ್ಲಿ ಗಂಟು ಕಟ್ಟಿ ಬಚ್ಚಿಟ್ಟಳು. ಹೀಗೇ ದಿನಾ ಸ್ವಲ್ಪ ಸ್ವಲ್ಪ ಕುಟ್ಟಿದಳು.

ಅಂಟು ಹುರಿಯುವ ಹಾಗಿಲ್ಲ, ಬೆಲ್ಲದ ಪಾಕ ಮಾಡುವ ಹಾಗಿಲ್ಲ. ಒಲೆ ಹಚ್ಚಿದರೆ ತುಪ್ಪದ ವಾಸನೆ ಶೆಡ್ಡಿನತನಕ ಹೋಗುತ್ತದೆ. ಸಾವಂತ್ರಿ ಜಾಣೆ. ಮೆತ್ತನೆಯ ಖರ್ಜೂರದ ಬೀಜ ತೆಗೆದು ನನ್ನಲ್ಲಿ ಹಾಕಿ ಜಜ್ಜಿದಳು. ಅದು ಅಂಟಂಟಾಗಿ ಮುದ್ದೆಯಾಯಿತು. ಅದಕ್ಕೆ ಉತ್ತತ್ತಿ, ಬದಾಮಿ, ಕೊಬ್ಬರಿ ಪುಡಿ ಕಲಸಿ, ಗಸಗಸೆಯಲ್ಲಿ ಹೊರಳಿಸಿದರೆ ಬೆಂಕಿ ಇಲ್ಲದೆಯೇ ಉಂಡೆ ನಿಂತಿತು. ತಟ್ಟೆಯಲ್ಲಿ ಕೆಲವನ್ನು ಕಟ್ಟಿಟ್ಟು, ಒಂದನ್ನೂ ಬಾಯಿಗೆ ಹಾಕಿಕೊಳ್ಳದೆ ನೋಡುತ್ತ ಕೂತಳು. ಸಿಹಿ ಕದ್ದು ತಿನ್ನುತ್ತಿದ್ದ ಹುಡುಗಿ ಆಕೆ! ಎಲ್ಲ ಕಟ್ಟಿ ಮುಗಿದ ಮೇಲೆ ಬಾಣಂತಿ ಹಾಗೆ ಕಂಬಳಿ ಹೊದ್ದು ತಿನ್ನಬೇಕು ಅಂತ ಅವಳ ಆಸೆ. ಉಳಿದ ಉತ್ತತ್ತಿಯನ್ನು ನನ್ನಲ್ಲಿ ಹಾಕಿ ಮತ್ತೆ ಕುಟ್ಟತೊಡಗಿದಳು.

ಆಗ ಕರೆಂಟ್ ಹೋಯಿತು.

ಇಡೀ ಓಣಿಯ ಮಗ್ಗಗಳು ಒಂದೇ ಸಲ ನಿಂತವು. ಸಾವಂತ್ರಿಗೆ ಅದರ ಪರಿವೆಯೇ ಇಲ್ಲ, ಕುಟ್ಟುತ್ತಲೇ ಇದ್ದಳು. ನನ್ನ ದನಿ ಠಣ್ ಠಣ್ ಅಂತ ಮೊದಲಿನ ಹಾಗೆ ಓಣಿಯ ತುದಿಯವರೆಗೆ ಹೋಯಿತು. ನಾನು ಬಾಯಿ ಮುಚ್ಚಿಕೊಳ್ಳಬೇಕೆಂದರೂ ನನ್ನ ಕೈಯಲ್ಲೇನಿದೆ? ಅಂಬವ್ವ ಶೆಡ್ಡಿನಿಂದ ಓಡಿಬಂದು ಹಿತ್ತಲ ಬಾಗಿಲಲ್ಲಿ ನಿಂತಾಗಲೇ ಸಾವಂತ್ರಿಯ ಕೈ ನಿಂತದ್ದು.

ಅತ್ತೆ ಬಾಯಿ ತೆರೆಯುವ ಮೊದಲೇ ಮುಂಬಾಗಿಲಿನಿಂದ ಯಾರೋ ಕರೆದರು. ಎದುರು ಮನೆಯ ಪಾರೋತೆವ್ವ. ಮುದುಕಿ ತಿಂಗಳೊಪ್ಪತ್ತು ಮಗಳ ಊರಿನಲ್ಲಿದ್ದು ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಊರಿನ ಸುದ್ದಿ ಅವಳಿಗೆ ಏನೂ ಗೊತ್ತಿರಲಿಲ್ಲ. ಕೈಯಲ್ಲಿ ಕೂಸಿಗೆಂದು ತಾನೇ ಹೊಲಿದ ಕುಲಾಯಿ ಟೊಪ್ಪಿಗೆ ಹಿಡಿದು ನಗುತ್ತ ಒಳಗೆ ಬಂದಳು.

"ಕಲಬತ್ತ ಕೇಳಿದೆ, ಹಂಗ ಬಂದೆ. ಗಂಡೋ ಹೆಣ್ಣೋ, ಅಂಬವ್ವ?"

ಅಂಬವ್ವ ಗೋಡೆ ನೋಡುತ್ತ ನಿಂತಳು. ನೆಲದ ಮೇಲೆ ಕೂತಿದ್ದ ಸಾವಂತ್ರಿ ಹಾರೆ ಕೆಳಗಿಟ್ಟು, "ಹೆಣ್ಣು" ಅಂದಳು. "ಹೆಣ್ಣಿತ್ತು, ಪಾರೋತೆವ್ವ. ತಲಿ ತುಂಬ ಕೂದಲ ಇತ್ತು."

ಆ ಮನೆಯಲ್ಲಿ ಆ ಮಾತನ್ನು ಯಾರಾದರೂ ಆಡಿದ್ದು ಅದೇ ಮೊದಲು. ಪಾರೋತೆವ್ವ ಅವಳ ಬಿಳಚಿದ ಮುಖ ನೋಡಿದಳು, ಖಾಲಿ ಮಗ್ಗುಲು ನೋಡಿದಳು. ಕುಲಾಯಿಯನ್ನು ಸೆರಗಿನೊಳಗೆ ಸೇರಿಸಿದಳು. ಆಮೇಲೆ ಮೆಲ್ಲಗೆ ಕೂತು, "ಹಸಿ ಮೈ ನಿಂದು, ಕುಟ್ಟಬಾರದವ್ವ, ಇಲ್ಲಿ ಕೊಡು" ಅಂತ ಹಾರೆಗೆ ಕೈ ಚಾಚಿದಳು.

"ನಿನ್ನ ಮನಿಗೆ ನಡಿ, ಪಾರೋತೆವ್ವ" ಅಂದಳು ಅಂಬವ್ವ. ದನಿ ಏರಿರಲಿಲ್ಲ, ಆದರೆ ಮುದುಕಿ ಎದ್ದು ಹೋದಳು. ಅಂಬವ್ವ ಉಂಡೆಯ ತಟ್ಟೆಯನ್ನೂ ಪುಡಿಯ ಗಂಟನ್ನೂ ಎತ್ತಿ ಅಟ್ಟದ ಮೇಲಿಟ್ಟಳು. ಸಾವಂತ್ರಿಗೆ ಅಟ್ಟ ಹತ್ತುವ ಶಕ್ತಿ ಇರಲಿಲ್ಲ. ಕರೆಂಟ್ ಬಂತು, ಮಗ್ಗ ಶುರುವಾದವು. ಉಂಡೆಗಳನ್ನು ಇರುವೆ ತಿಂದವು.

ಆ ಸಂಜೆಯೇ ಸಾವಂತ್ರಿಗೆ ಜ್ವರ ಏರಿತು. ಮೋನಪ್ಪ ಗಾಡಿ ಮಾಡಿ ದವಾಖಾನೆಗೆ ಒಯ್ಯುವ ಹೊತ್ತಿಗೆ ತಡವಾಗಿತ್ತು. ಉಂಡೆ ತಿಂದಿದ್ದರೆ ಉಳಿಯುತ್ತಿದ್ದಳೇನು? ನನಗೆ ಗೊತ್ತಿಲ್ಲ. ನಾನು ಕಬ್ಬಿಣ, ಡಾಕ್ಟರಲ್ಲ. ಅವಳನ್ನು ಮಲಗಿಸಿದ್ದರೆ, ಹೊದಿಸಿದ್ದರೆ, ನೀನೂ ಹಡೆದಿದ್ದೀಯವ್ವ ಅಂತ ಒಬ್ಬರು ಅಂದಿದ್ದರೆ ಏನಾಗುತ್ತಿತ್ತೋ, ಅದೂ ಗೊತ್ತಿಲ್ಲ. ಅಷ್ಟನ್ನಾದರೂ ಮಾಡಬಹುದಿತ್ತು ಅನ್ನುವುದು ಮಾತ್ರ ಗೊತ್ತು.

ನನ್ನ ಕೊನೆ ಎಲ್ಲಿ ಅಂತ ಕೇಳುವವರಿಗೆ ಇಲ್ಲೇ ಹೇಳಿ ಮುಗಿಸುತ್ತೇನೆ. ಈಗ ನಾನಿರುವುದು ಗುಜರಿ ಅಂಗಡಿಯ ಮೂಲೆಯಲ್ಲಿ. ಹಾರೆ ಬೇರೆಯವರ ಪಾಲಾಯಿತು. ಅಂಗಡಿಯವನು ನನ್ನ ಹೊಟ್ಟೆಯಲ್ಲಿ ಹಳೆಯ ಬೋಲ್ಟು, ಮೊಳೆ ತುಂಬಿದ್ದಾನೆ. ಒಂದು ದಿನ ಮತ್ತೆ ಭಟ್ಟಿಗೆ ಹೋಗುತ್ತೇನೆ, ಹೋದರೆ ಹೋಗಲಿ. ಈ ಸಲ ದನಿಯಿಲ್ಲದ ಏನಾದರೂ ಆದರೆ ಸಾಕು ಅನ್ನಿಸುತ್ತದೆ. ಆದರೆ ಇಲ್ಲಿಗೆ ಬರುವ ಮುಂಚೆ ಇನ್ನೊಂದು ಸಲ ಕುಟ್ಟಿಸಿಕೊಂಡೆ. ಅದನ್ನು ಹೇಳದೆ ಬಿಟ್ಟರೆ ಅಂಬವ್ವನಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಸತ್ತವರಿಗೆ ಅವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ಪದ್ಧತಿ. ಸಾವಂತ್ರಿಯ ಎಡೆಯ ದಿನ ಅಂಬವ್ವ ಬೆಳಗ್ಗೆಯೇ ಎದ್ದು ನನ್ನನ್ನು ನಡುಮನೆಗೆ ತಂದಳು. ಸೂತಕದ ಮನೆ, ಒಲೆ ಹಚ್ಚುವ ಹಾಗಿಲ್ಲ. ಅವಳೂ ಖರ್ಜೂರ ಜಜ್ಜಿ, ಉತ್ತತ್ತಿ ಬದಾಮಿ ಕುಟ್ಟಿ ಹಾಗೇ ಉಂಡೆ ಕಟ್ಟಿದಳು. ಮಗ್ಗ ನಿಂತಿದ್ದವು. ಸಪ್ಪಳ ಓಣಿಗೆಲ್ಲ ಕೇಳುತ್ತದೆ ಅಂತ ಗೊತ್ತಿದ್ದೂ ಕೈ ತಡೆಯಲಿಲ್ಲ. ಸಾವಂತ್ರಿ ಮಲಗುತ್ತಿದ್ದ ಜಾಗದಲ್ಲಿ ದೀಪ ಹಚ್ಚಿ ಮೂರು ತಟ್ಟೆ ಇಟ್ಟಳು, ಒಂದು ದೊಡ್ಡದು, ಎರಡು ಸಣ್ಣವು.

ಮೋನಪ್ಪ ನೋಡಿದ. "ಒಂದು ಆಕಿದು. ಒಂದು ಕೂಸಿಂದು. ಈ ಮೂರನೇದ್ದು ಯಾರದವ್ವ?"

"ನಿಮ್ಮಣ್ಣಂದು."

"ನನಗ ಅಣ್ಣ ಎಲ್ಲಿದ್ದ?"

"ನಿನಗಿಂತ ಮೊದಲ ಒಬ್ಬಾವ ಹುಟ್ಟಿದ್ದ. ಅಳಲಿಲ್ಲ ಅವ. ನಾಕ ದಿನಕ್ಕ ಮಗ್ಗದ ಮುಂದ ಕುಂದರಿಸಿದ್ರು ನನ್ನ. ಗಂಡೋ ಹೆಣ್ಣೋ ಅಂತ ಯಾರೂ ಕೇಳಲಿಲ್ಲ" ಅಂದಳು ಅಂಬವ್ವ. "ನನಗ ತಿಳಿದಿತ್ತಪ್ಪ. ಆಕಿ ಸಂಕಟ ನನಗ ಪೂರಾ ತಿಳಿದಿತ್ತು. ತಿಳಿದೂ ಕೊಡಲಿಲ್ಲ."

ನಾನು ಆ ಮನೆಗೆ ಬಂದದ್ದು ಮೋನಪ್ಪನಿಗಾಗಿ. ಅವನಿಗಿಂತ ಮೊದಲಿನದು ನನಗೂ ಗೊತ್ತಿರಲಿಲ್ಲ. ಮೋನಪ್ಪ ಅವ್ವನ ಪಕ್ಕ ಕೂತ. ದೀಪ ಸಣ್ಣಗಾದ ಮೇಲೆ ಎಡೆ ಎತ್ತಿದರು. ಕೂಸಿನ ತಟ್ಟೆಯದನ್ನು ಮೋನಪ್ಪ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತು, ಆಮೇಲೆ ತಿಂದ. ಮೂರನೆಯ ತಟ್ಟೆಯ ಉಂಡೆಯನ್ನು ಅಂಬವ್ವ ಬಾಯಿಗಿಟ್ಟುಕೊಂಡಳು. ತಂಬಾಕಿಗೆ ಹಲ್ಲು ಹೋದ ಬಾಯಿ, ಅಗಿಯಲು ಬಾರದು. ಚೀಪಿ ಚೀಪಿ, ಅಳುತ್ತ, ಪೂರ್ತಿ ತಿಂದಳು. ಸಾವಂತ್ರಿಯ ಉಂಡೆಗಳಿಗೆ ಕೈ ಹಾಕಲು ಇಬ್ಬರಿಗೂ ಆಗಲಿಲ್ಲ. ಅವು ತಟ್ಟೆಯಲ್ಲೇ ಉಳಿದವು.