ಒಂದು ನಿಮಿಷ ಜೋರು, ಎರಡು ನಿಮಿಷ ನಿಧಾನ

ಇನ್ನೂರು ಮಕ್ಕಳ ಸಾಂಬಾರಿನ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿದ್ದ ಮಲ್ಲಿಗಮ್ಮ ಒಂದು ದಿನ ಉಸಿರು ಸಿಗದೆ ಗೋಡೆಗೊರಗಿ ಕೂತುಬಿಟ್ಟಳು. ದುದ್ದದ ಕಡೆಯ ಶಾಲೆಯೊಂದರಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟ ಬೇಯಿಸಿದ ಕೈ ಅವಳದು. ಹಾಸನದ ಡಾಕ್ಟರು ಪರೀಕ್ಷೆಯೆಲ್ಲ ಮಾಡಿಸಿ, "ಕಾಯಿಲೆ ಏನಿಲ್ಲಮ್ಮ, ಎದೆಗೆ ಕಸುವಿಲ್ಲ ಅಷ್ಟೆ. ಅದಕ್ಕೆ ವ್ಯಾಯಾಮ ಬೇಕು. ಮೂರು ತಿಂಗಳು ಬಿಟ್ಟು ಬನ್ನಿ, ಮೆಟ್ಟಿಲು ಹತ್ತಿಸಿ ನೋಡ್ತೀನಿ" ಎಂದರು. ಅವರು ಫಿಟ್ ಎಂದು ಬರೆದುಕೊಟ್ಟರೆ ಮಾತ್ರ ಹೆಡ್‌ಮಾಸ್ಟರು ಮತ್ತೆ ಒಲೆ ಮುಂದೆ ಬಿಡುವುದು. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ತರಕಾರಿ ಹೆಚ್ಚುವುದು, ತಟ್ಟೆ ತೊಳೆಯುವುದು.

ಡಿಗ್ರಿ ಓದುವ ಮಗಳು ಶಾಂತಿ ಫೋನು ತಡಕಿ ಒಂದು ದಾರಿ ಹುಡುಕಿದಳು. "ಹಿಟ್ ಅಂತಾರಮ್ಮ ಇದನ್ನ."

"ಇಟ್ಟಾ? ಇಟ್ಟು ತಿನ್ನಾದು ಗೊತ್ತು, ಇಟ್ಟು ಓಡಾದು ಯಾವ್ದವ್ವ?"

"ಮುದ್ದೆ ಅಲ್ಲಮ್ಮ! ಒಂದು ನಿಮಿಷ ಜೋರಾಗಿ ನಡಿ, ಮಾತಾಡಕ್ಕೆ ಆಗಬಾರದು, ಅಷ್ಟು ಜೋರು. ಆಮೇಲೆ ಎರಡು ನಿಮಿಷ ನಿಧಾನ. ಹಿಂಗೆ ಎಂಟು ಸಲ. ಫೋನೇ ಪೀಂ ಅಂತ ಹೇಳುತ್ತೆ. ಎದೆ ನೋವು, ತಲೆ ಸುತ್ತು ಬಂದ್ರೆ ನಿಂತುಬಿಡು."

ಶಾಲೆಯಿಂದ ಮನೆಗೆ ಮೂರು ಕಿಲೋಮೀಟರು. ಸಂಜೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮೊದಲ ಸಲದ ಜೋರಿಗೇ ಮೊಣಕಾಲು ಬೇಡವೆಂದಿತು. ಎರಡು ಸಲ ಮುಗಿದು ಮೂರನೆಯದಕ್ಕೆ ಸೆರಗು ಸಿಕ್ಕಿಸಿ ಬಿರಬಿರನೆ ಹೆಜ್ಜೆ ಹಾಕುತ್ತಿದ್ದಾಗ ಐದು ಗಂಟೆಯ ಬಸ್ಸು ಕರ್ರೆಂದು ಪಕ್ಕದಲ್ಲೇ ನಿಂತಿತು.

"ಬಾರಕ್ಕ, ಪಾಪ, ಓಡ್ಬೇಡ, ನಿಲ್ಸಿವ್ನಿ!" ಕಂಡಕ್ಟರ್ ಪರಮೇಶ್ ಬಾಗಿಲಲ್ಲಿ ನಿಂತು ಕೈ ಚಾಚಿದ್ದ.

ಬಸ್ಸಿಗಾಗಿ ಓಡಿದ್ದಲ್ಲ ಎನ್ನಲು ಬಾಯಿ ತೆರೆದಳು. ಕಿಟಕಿಯಲ್ಲಿ ಅಷ್ಟೂ ಮುಖಗಳು. ಅದಕ್ಕಿಂತ ಹೆಚ್ಚಾಗಿ, ಒಳಗೊಂದು ಸೀಟು ಖಾಲಿ ಇತ್ತು. ಹತ್ತಿ ಕೂತಳು. ಹೆಂಗಸರಿಗೆ ಟಿಕೆಟ್ಟೂ ಪುಕ್ಕಟೆ. ಕೂತ ಕೂಡಲೇ ಕಣ್ಣು ಮುಚ್ಚಿಹೋಯಿತು.

ಮಾರನೆಯ ದಿನವೂ ಹಾಗೆಯೇ, ಅದರ ಮಾರನೆಯ ದಿನವೂ. ಬಸ್ಸು ಬರುವ ಹೊತ್ತಿಗೇ ಜೋರಿನ ನಿಮಿಷ ಬರುತ್ತಿತ್ತೋ, ಬಸ್ಸಿನ ಸದ್ದು ಕೇಳಿ ಕಾಲೇ ಜೋರಾಗುತ್ತಿತ್ತೋ, ಅವಳಿಗೇ ತಿಳಿಯದು.

ಶಾಂತಿ ಫೋನು ನೋಡಿದಳು. "ಎಂಟರಲ್ಲಿ ಮೂರೇ ಸಲ ಆಗಿದೆಯಲ್ಲಮ್ಮ ದಿನಾ?"

"ನೆಟ್‌ವರ್ಕ್ ಇರ್ನಿಲ್ಲ ಕಣವ್ವ."

"ನಡಿಯಕ್ಕೆ ನೆಟ್‌ವರ್ಕ್ ಯಾಕಮ್ಮ?"

ಮಲ್ಲಿಗಮ್ಮ ಫೋನು ಕಸಿದುಕೊಂಡಳು. ಆ ಮಧ್ಯಾಹ್ನವಷ್ಟೇ ಹೆಡ್‌ಮಾಸ್ಟರು ಯಾರೋ ಹೊಸ ಹೆಂಗಸಿಗೆ ಅಡುಗೆಕೋಣೆ ತೋರಿಸಿಕೊಂಡು ಹೋಗಿದ್ದರು.

ನಾಲ್ಕನೆಯ ಸಂಜೆ ಬಸ್ಸು ನಿಂತಾಗ ಅವಳು ನಿಲ್ಲಲಿಲ್ಲ. ಬಸ್ಸು ಪಕ್ಕದಲ್ಲೇ ತೆವಳಿಕೊಂಡು ಬಂತು.

"ಅತ್ತಕ್ಕ ಬಿರ್ನೆ!"

"ಬರಾಕಿಲ್ಲ ಕಣಪ್ಪ... ನೀವ್... ಓಗಿ." ಉಸಿರಿಗೆ ಮಾತು ತುಂಡಾಗುತ್ತಿತ್ತು.

"ಯಾಕೆ? ನಾನೇನಾರ ಅಂದ್ನಾ?"

ಹಿಂದಿನ ಸೀಟಿನಿಂದ ಅವಳೂರಿನ ಬೋರಪ್ಪನ ದನಿ ಬಂತು. "ಪುಕ್ಸಟ್ಟೆ ಬಸ್ಸು ಬುಟ್ಟು ನಡೀತಾಳಂತೆ! ಮನೇಲಿ ಜಗಳ ಆಡ್ಕಂಡ್ ಬಂದವ್ಳೋ ಏನೋ, ಕೇಳ್ಲಾ."

ಬಸ್ಸೆಲ್ಲ ನಕ್ಕಿತು. ನಿಜ ಹೇಳಿದರೆ ನಾಳೆ ಬೆಳಗಾಗುವುದರೊಳಗೆ ಮಲ್ಲಿಗಮ್ಮನಿಗೆ ಹಾರ್ಟಂತೆ ಎಂದು ಶಾಲೆಯವರೆಗೂ ಮುಟ್ಟುತ್ತದೆ. ಅವಳು ತಲೆ ತಗ್ಗಿಸಿ ನಡೆಯುತ್ತಲೇ ಇದ್ದಳು. ಆಗ ಕಿಟಕಿಯ ಪಕ್ಕ ಕೂತಿದ್ದ ಮುದುಕಿಯೊಬ್ಬಳು ಮೆಲ್ಲಗೆ ಕೇಳಿದಳು: "ಅರ್ಕೆ ಏನವ್ವಾ?"

"ಊಂ."

ಹರಕೆಯೆಂದ ಕೂಡಲೇ ನಗೆ ನಿಂತುಹೋಯಿತು.

"ಯಾವ್ ದೇವ್ರಿಗವ್ವ?"

"ಮನೆ ದೇವ್ರಿಗೆ."

"ಎಷ್ಟ್ ದಿನ?"

"ಮೂರ್ ತಿಂಗ್ಳು."

ಪರಮೇಶ್ ಕೆನ್ನೆ ಕೆನ್ನೆ ಬಡಿದುಕೊಂಡ. "ಮದ್ಲೇ ಏಳ್ಬಾರ್ದಾ ಅಕ್ಕ! ಮೂರ್ ದಿನ ನಿನ್ ಅರ್ಕೆ ಕೆಡಿಸ್ಬುಟ್ನಲ್ಲ ನಾನು. ರೈಟ್, ರೈಟ್!"

ಬಸ್ಸು ಧೂಳೆಬ್ಬಿಸಿ ಹೋಯಿತು. ಇನ್ನೂ ಐದು ಸಲ ಬಾಕಿ. ಮನೆ ಮುಟ್ಟುವಷ್ಟರಲ್ಲಿ ಎಂಟೂ ಮುಗಿಸಿ, ಜಗಲಿಯ ಮೇಲೆ ಕುಸಿದಳು. ಉಸಿರು ಹದಕ್ಕೆ ಬಂದ ಮೇಲೆ ನಡೆದದ್ದನ್ನೆಲ್ಲ ಮಗಳಿಗೆ ಹೇಳಿದಳು.

ಶಾಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಳ್ಳೆ ಸುಳ್ಳು ಬಿಡಮ್ಮ. ತೀರಾ ಸುಸ್ತಾದ ದಿನ ಇವತ್ತೊಂದಿನ ರಜಾ ಅಂತ ಹತ್ತಿಬಿಡು."

"ಎಂಗ್ ಅತ್ತಾದವ್ವ?" ಮಲ್ಲಿಗಮ್ಮ ಹಿಮ್ಮಡಿ ಒತ್ತಿಕೊಳ್ಳುತ್ತಾ ಹೇಳಿದಳು. "ಡಾಕ್ಟ್ರುಗಾದ್ರೆ ಏನಾರ ಏಳ್ಬೋದಾಗಿತ್ತು. ಈಗ ದೇವ್ರ ಎಸ್ರು ತಗಂಡ್‌ಬುಟ್ಟಿವ್ನಿ, ಅಷ್ಟ್ ಜನದ ಮುಂದೆ. ಇನ್ ಮೂರ್ ತಿಂಗ್ಳು ನಂಗೆ ಬಸ್ಸಿಲ್ಲ ಕಣವ್ವ."